ಕಂದೀಲು ಕೇಳಿದ ಮಳೆಗಾಲ

ಆ ಮಳೆಗಾಲದ ಬಗ್ಗೆ ನಾನು ಹೇಳುವುದರಲ್ಲಿ ನಿಜವಾಗಿ ನಡೆದದ್ದು ಎಷ್ಟು, ಆಮೇಲೆ ನಾನೇ ಹೊಂದಿಸಿಕೊಂಡದ್ದು ಎಷ್ಟು ಎಂಬುದು ನನಗೆ ಗೊತ್ತಿಲ್ಲ. ಚಿಗವ್ವ ನಮ್ಮ ಮನೆ ಬಿಟ್ಟು ಹೊರಟ ದಿನ ಜಿಟಿಜಿಟಿ ಮಳೆ ಇತ್ತು ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಅವ್ವ ಅದನ್ನು ಒಪ್ಪುವುದಿಲ್ಲ. ಅವತ್ತು ಚುರುಚುರು ಬಿಸಿಲಿತ್ತು, ತಾನು ಮಾಳಿಗೆಯ ಮೇಲೆ ಹಪ್ಪಳ ಹಾಕಿದ್ದೆ ಎನ್ನುತ್ತಾಳೆ. ಚಿಗವ್ವ ತಾನಾಗಿ ಹೋದಳೋ, ನಮ್ಮ ಮನೆಯಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದು ಹೋದಳೋ ಎಂಬುದರಲ್ಲಿಯೂ ನಮ್ಮಲ್ಲಿ ಒಮ್ಮತವಿಲ್ಲ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಇರುವುದೊಂದೇ ಸಾಕ್ಷಿ, ಆ ಸಾಕ್ಷಿಗೂ ತನ್ನ ದುಃಖವೇ ಹೆಚ್ಚು ಎನ್ನುವಂಥ ಸಂಗತಿಯನ್ನು ಬೇರೆ ಯಾರಾದರೂ ನನ್ನೆದುರು ತಂದಿದ್ದರೆ ಪಕ್ಕಕ್ಕೆ ಸರಿಸಿಬಿಡುತ್ತಿದ್ದೆ. ನನ್ನದನ್ನು ಹಾಗೆ ಸರಿಸಲು ಆಗುತ್ತಿಲ್ಲ.

ಕಳೆದ ಜೂನ್‌ನಲ್ಲಿ ಕೆಟ್ಟುಹೋದ ಲ್ಯಾಪ್‌ಟಾಪ್ ಹಿಡಿದುಕೊಂಡು ಗೋಕುಲ ರಸ್ತೆಯ ರಿಪೇರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಮೇಜಿನ ಮೇಲೆ ಹಳೆಯ ಕಾಲದ ಡಬ್ಬಿಯಂಥ ಮಾನಿಟರ್ ಇತ್ತು. ಯಾವುದೋ ಕಾರ್ಖಾನೆಯ ಯಂತ್ರಕ್ಕೆ ಈಗಲೂ ಅದೇ ಬೇಕಂತೆ. ಅಂಗಡಿಯವನು ಸ್ವಿಚ್ ಹಾಕಿದ. ಒಳಗೆ ಸಣ್ಣಗೆ ಕಿರ್ರೆಂದಿತು. ನಂತರ ಗಾಜು ನಿಧಾನವಾಗಿ ಕಾಯುತ್ತ, ಅದರ ಮೇಲಿನ ಧೂಳು ಬೆಚ್ಚಗಾಗುವ ವಾಸನೆ ಬಂತು. ಹೊರಗೆ ಮೊದಲ ಮಳೆ ಬಿದ್ದು ನಿಂತಿತ್ತು. ಒಳಗಿನ ಧೂಳು, ಹೊರಗಿನ ಹಸಿ ಮಣ್ಣು ಎರಡೂ ಕೂಡಿದ ಆ ವಾಸನೆಗೆ ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಚಿಗವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ನೀಲಾ. ಗದಗಿಗೆ ಕೊಟ್ಟಿದ್ದರು. ಆ ಮಳೆಗಾಲಕ್ಕೆ ಒಂದು ವರ್ಷ ಮೊದಲು ಅವಳ ಗಂಡ ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದ. ಕಾರಹುಣ್ಣಿಮೆಯ ಹೊತ್ತಿಗೆ ಟೈಫಾಯ್ಡ್ ಆಗಿ ಮೈ ಅರ್ಧಕ್ಕಿಳಿದಿದ್ದ ಅವಳನ್ನು ಅಪ್ಪ ಉಣಕಲ್ಲಿನ ನಮ್ಮ ಮನೆಗೆ ಕರೆತಂದ. ಅವಳ ಮಗಳು ವಿಜ್ಜಿಗೆ ಆಗಷ್ಟೇ ಶಾಲೆ ಶುರುವಾಗಿತ್ತು. ಕೂಸು ಗದಗಿನಲ್ಲಿ ಅಜ್ಜಿಯ, ಅಂದರೆ ಚಿಗವ್ವನ ಅತ್ತೆಯ, ಹತ್ತಿರವೇ ಉಳಿಯಿತು. ಚಿಗವ್ವ ಎದ್ದು ಓಡಾಡುವಂತಾದ ಮೇಲೆ ಮಗಳನ್ನು ಕಳಿಸಿಕೊಡಿ ಎಂದು ನಮ್ಮ ಮನೆಯಿಂದ ಹೇಳಿಕಳಿಸಿದರು. ನೀನು ಅಲ್ಲಿ ಆರಾಮ ಮಾಡು, ಕೂಸು ಇಲ್ಲಿ ಸುಖವಾಗಿದೆ ಎಂಬ ಉತ್ತರ ಬಂತು. ಬಿ.ಎ. ಓದಿದ್ದ ಚಿಗವ್ವನಿಗೆ ಬಿ.ಎಡ್. ಮಾಡುವ, ಧಾರವಾಡದಲ್ಲಿ ಮಾಸ್ತರಿಕೆ ಹಿಡಿದು ಮಗಳ ಜೊತೆ ಬೇರೆ ಮನೆ ಮಾಡುವ ಆಸೆಯಿತ್ತು. ಅದನ್ನು ಅವಳು ಹೆಚ್ಚಾಗಿ ಹೇಳುತ್ತಿರಲಿಲ್ಲ. ಆದರೆ ಹುಬ್ಬಳ್ಳಿಯ ಪೇಟೆಗೆ ಹೋದಾಗಲೆಲ್ಲ ಅಂಗಡಿಯ ಹೊರಗೆ ನೇತುಹಾಕಿದ ಚಿಕ್ಕ ಚಿಕ್ಕ ಶಾಲಾ ಚೀಲಗಳನ್ನು ಮುಟ್ಟಿ ನೋಡುತ್ತಿದ್ದಳು.

ನನ್ನದು ಬಿ.ಎಸ್ಸಿ. ಮುಗಿದಿತ್ತು. ಎಂ.ಎಸ್ಸಿ. ಪ್ರವೇಶಕ್ಕೆ ಕಾಯುತ್ತಿದ್ದೆ. ಮನೆಯಲ್ಲಿ ಕಾಯುವವರು ನಾವಿಬ್ಬರೇ.

ಕಂಪ್ಯೂಟರ್ ಬಂದದ್ದೂ ಆಗಲೇ. ಅಪ್ಪನದು ಹತ್ತಿಯ ದಲಾಲಿ ಅಂಗಡಿ. ಮುಚ್ಚಿಹೋದ ಯಾವುದೋ ತರಬೇತಿ ಕೇಂದ್ರದಿಂದ ಲೆಕ್ಕಪತ್ರಕ್ಕೆಂದು ಒಂದು ಹಳೆಯ ಕಂಪ್ಯೂಟರ್ ಕೊಂಡ. ಅಂಗಡಿಯಲ್ಲಿ ಅದನ್ನು ಮುಟ್ಟುವವರು ಯಾರೂ ಇರಲಿಲ್ಲವಾದ್ದರಿಂದ ಅದು ನಮ್ಮ ಪಡಸಾಲೆಗೆ ಬಂದು ಕುಳಿತಿತು. ಚಿಗವ್ವ ಹಳೆಯ ಇಳಕಲ್ಲ ಸೀರೆಯೊಂದನ್ನು ಕತ್ತರಿಸಿ ಅದಕ್ಕೆ ಹೊದಿಕೆ ಹೊಲಿದಳು. ಕಂಪ್ಯೂಟರಿನ ಸಿ.ಡಿ. ಹಾಕುವ ತಟ್ಟೆ ತೆರೆದು ನೋಡಿದರೆ ಒಳಗೊಂದು ಸಿ.ಡಿ. ಉಳಿದುಬಿಟ್ಟಿತ್ತು. ಮೇಲೆ ಏನೋ ಬರೆದದ್ದು ಅಳಿಸಿಹೋಗಿತ್ತು. ಆ ಸಿ.ಡಿ.ಯಲ್ಲಿದ್ದದ್ದೇ ಆ ಆಟ.

ಆ ಬಗೆಯ ಆಟಗಳನ್ನು ಈಗಿನ ನನ್ನ ವಿದ್ಯಾರ್ಥಿಗಳಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಅದರಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ. ಕುಂಚದಿಂದ ಬರೆದಂಥ ಒಂದು ಚಿತ್ರ ಪರದೆಯ ತುಂಬ ಇರುತ್ತದೆ. ಒಂದು ಬೀದಿ, ಒಂದು ಬಾಗಿಲು, ಮೂಲೆಯಲ್ಲೊಂದು ಪೀಪಾಯಿ. ಅದರ ನಡುವೆ ಒಬ್ಬ ಮನುಷ್ಯ ನಿಂತಿರುತ್ತಾನೆ. ನೀವು ಎಲ್ಲಿ ಒತ್ತಿದರೆ ಅಲ್ಲಿಗೆ ಅವನು ತನ್ನ ಪಾಡಿಗೆ ನಡೆದು ಹೋಗುತ್ತಾನೆ. ಎತ್ತಿಕೊಳ್ಳಬಹುದಾದ ವಸ್ತುವಿನ ಮೇಲೆ ಮೌಸಿನ ಬಾಣದ ಗುರುತು ಬಂದರೆ ಅದು ಕೈಯಾಗಿ ಬದಲಾಗುತ್ತದೆ. ಎತ್ತಿಕೊಂಡದ್ದೆಲ್ಲ ಅವನ ಜೇಬಿನಲ್ಲಿರುತ್ತದೆ. ಆ ವಸ್ತುಗಳನ್ನು ಯಾರಿಗೆ ಕೊಡಬೇಕು, ಯಾವುದಕ್ಕೆ ಯಾವುದನ್ನು ಸೇರಿಸಬೇಕು ಎಂದು ಕಂಡುಹಿಡಿಯುವುದೇ ಆಟ. ತಪ್ಪು ಮಾಡಿದರೆ ಯಾರೂ ಬೈಯುವುದಿಲ್ಲ. ಅವನು ತಲೆ ಅಲ್ಲಾಡಿಸಿ 'ಅದು ಆಗುವುದಿಲ್ಲ' ಎನ್ನುತ್ತಾನೆ, ಮತ್ತೆ ಕಾಯುತ್ತ ನಿಲ್ಲುತ್ತಾನೆ. ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾನೆ. ಅಷ್ಟು ತಾಳ್ಮೆಯಿಂದ ನನಗಾಗಿ ಕಾದ ಇನ್ನೊಂದು ವಸ್ತುವನ್ನಾಗಲಿ ಮನುಷ್ಯನನ್ನಾಗಲಿ ನಾನು ಆಮೇಲೆ ಕಂಡಿಲ್ಲ.

ನಮ್ಮ ಆಟದವನು ಉದ್ದ ನೀಲಿ ಕೋಟು ತೊಟ್ಟು ಮಂಜು ಕವಿದ ಒಂದು ಬಂದರಿನಲ್ಲಿ ನಿಂತಿದ್ದ. ಚಿಗವ್ವ ಅವನಿಗೆ ಕೋಟಣ್ಣ ಎಂದು ಹೆಸರಿಟ್ಟಳು. ನನ್ನ ಇಂಗ್ಲಿಷು ಪಠ್ಯಪುಸ್ತಕದ್ದು. ಅವಳು ಪರದೆಯ ಮೇಲಿನ ಸಾಲುಗಳನ್ನು ಓದಿ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಹೊರಗೆ ಮಳೆ ಹಿಡಿದರೆ ಪಡಸಾಲೆಯ ಬಾಗಿಲು ಅರ್ಧ ಮುಂದೆ ಮಾಡಿ ಮಧ್ಯಾಹ್ನವೆಲ್ಲ ಕೂರುತ್ತಿದ್ದೆವು. ಅಪ್ಪನ ತಾಯಿ, ನಮ್ಮ ಆಯಿ, ಹಿಂದೆ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ನೋಡುತ್ತಿದ್ದಳು.

ಮೊದಲ ದಿನ ಕೋಟಣ್ಣನ ಜೇಬು ತೆರೆದಾಗ ಅದರಲ್ಲಿ ಒಂದು ಹಗ್ಗದ ತುಂಡು, ಒಂದು ನಾಣ್ಯ, ಬಟ್ಟೆಯಲ್ಲಿ ಸುತ್ತಿದ ಒಂದು ಬ್ರೆಡ್ಡು ಇದ್ದವು.

"ಎಲ್ಲಿಂದನೋ ನಡಕೋತ ಬಂದಾನ, ಮಾರಿ ಬಾಡೇತಿ ನೋಡು," ಎಂದಳು ಚಿಗವ್ವ. "ಮೊದ್ಲ ಉಣ್ಣಲಿ. ಉಳದದ್ದು ಆಮ್ಯಾಲ."

ಬ್ರೆಡ್ಡನ್ನು ಅವನ ಮೇಲೆಯೇ ಒತ್ತಿದೆವು. ಒತ್ತಿದ್ದು ಅವಳ ಬೆರಳೋ ನನ್ನದೋ ನೆನಪಿಲ್ಲ. ಅವನು ತಿಂದ, ಕೋಟಿನ ಮೇಲೆ ಬಿದ್ದ ಪುಡಿ ಝಾಡಿಸಿಕೊಂಡ, ಏನೋ ಹೇಳಿದ.

"ಏನಂತ?" ಎಂದು ಆಯಿ ಕೇಳಿದಳು.

"ಹೊಟ್ಟಿ ತಣ್ಣಗಾತು ಅನ್ನಾಕತ್ತಾನ್ರಿ."

"ಛಲೋ ಮಾಡಿದಿ. ಮನಿಗೆ ಬಂದಾಂವಗ ಮೊದ್ಲ ಊಟ," ಎಂದು ಆಯಿ ಮೆಚ್ಚಿಕೊಂಡಳು. ಸ್ವಲ್ಪ ಹೊತ್ತು ನೋಡಿ, "ಇಂವ ಕೆಲಸಾ ಏನ ಮಾಡತಾನ? ಬರೇ ನಿಂದರತಾನ. ನಮ್ಮ ಅಂಗಡಿ ಹಮಾಲರ ಇವನಕಿಂತ ಛಲೋ," ಎಂದಳು.

ಕೋಟಣ್ಣ ಬಂದದ್ದು ಕಡಲಲ್ಲಿ ಕಾಣೆಯಾದ ತನ್ನ ತಮ್ಮನನ್ನು ಹುಡುಕಿ. ಬಂದರಿನ ತುದಿಯಲ್ಲಿ ದೀಪವಾರಿದ ಒಂದು ದೀಪಸ್ತಂಭ. ಅದರ ಮೇಲೇರಿ ದೀಪ ಹೊತ್ತಿಸಿದರೆ ದಾರಿತಪ್ಪಿದ ದೋಣಿಗಳು ದಡ ಸೇರುತ್ತವೆ. ಆದರೆ ಒಳಗಿನ ಮೆಟ್ಟಿಲು ಕಗ್ಗತ್ತಲು. ಕೈಯಲ್ಲಿ ಬೆಳಕಿಲ್ಲದೆ ಹತ್ತಲಾರೆ ಎನ್ನುತ್ತಾನೆ. ಇಷ್ಟು ತಿಳಿಯುವುದಕ್ಕೆ ನಮಗೆ ಆಷಾಢವೆಲ್ಲ ಹಿಡಿಯಿತು. ಎಲ್ಲ ಬಾಗಿಲು ತಟ್ಟಿದೆವು, ಎಲ್ಲ ಪೀಪಾಯಿಯೊಳಗೆ ಇಣುಕಿದೆವು, ಹಗ್ಗವನ್ನು ಊರಿನ ಎಲ್ಲ ವಸ್ತುಗಳಿಗೂ ಕಟ್ಟಿ ನೋಡಿದೆವು. 'ಅದು ಆಗಂಗಿಲ್ಲ' ಎಂಬುದು ನಮ್ಮ ಮನೆಯ ಮಾತಾಗಿಹೋಯಿತು. ಅವ್ವ ಹಿಟ್ಟು ಬೀಸಿಕೊಂಡು ಬಾ ಎಂದರೆ ನಾನು ಕೋಟಣ್ಣನಂತೆ ತಲೆ ಅಲ್ಲಾಡಿಸಿ "ಅದು ಆಗಂಗಿಲ್ಲ" ಎನ್ನುತ್ತಿದ್ದೆ. ಚಿಗವ್ವ ಒಳಗಿನಿಂದ ನಗುತ್ತಿದ್ದಳು. ಟೈಫಾಯ್ಡಿನ ಮೇಲೆ ಅವಳು ನಕ್ಕದ್ದು ಅಲ್ಲಿಂದ.

ಕೊನೆಗೆ ಬಲೆ ನೇಯುವವರ ಓಣಿಯಲ್ಲಿ ಗುಡಿಸಲಿನ ಮುಂದೆ ಕುಳಿತ ಒಬ್ಬ ಮುದುಕಿ ಸಿಕ್ಕಳು. ಅವಳ ಹಿಂದೆ ಗೋಡೆಯ ಕೊಕ್ಕೆಗೆ ಕಂದೀಲು ತೂಗುತ್ತಿತ್ತು. ಕೇಳಿದೆವು. ಅವಳು ಏನೋ ಹೇಳಿ ತಲೆ ಅಲ್ಲಾಡಿಸಿದಳು.

"ಮಗ ಸಮುದ್ರಕ್ಕ ಹೋಗ್ಯಾನಂತ," ಎಂದಳು ಚಿಗವ್ವ ಪರದೆಯಿಂದ ಕಣ್ಣು ತೆಗೆಯದೆ. "ಅಂವ ಬರೋತನಾ ಇದು ಇಲ್ಲೇ ತೂಗತೈತಿ ಅಂತಾಳ."

ನಾವು ಹಾಗೇ ನೋಡುತ್ತಿದ್ದಂತೆ ಮುದುಕಿ ತೂಕಡಿಸತೊಡಗಿದಳು, ಗಲ್ಲ ಎದೆಗೆ ಬಿತ್ತು. ನಾನು ಬಾಣವನ್ನು ಕಂದೀಲಿನ ಮೇಲೆ ಒಯ್ದೆ. ಅದು ಕೈಯಾಯಿತು.

"ತಗೊಳ್ಳೋಣ ಚಿಗವ್ವಾ."

ಅವಳು ನನ್ನ ಮಣಿಕಟ್ಟು ಹಿಡಿದಳು. "ಮಲಗಿದ ಮುದುಕಿ ಮನಿಯಾಗಿನ ದೀಪಾ ತಗೊಂಡ ಹೋಗ್ತೀ ಏನಲೇ?"

"ಇದು ಆಟ ಚಿಗವ್ವಾ."

"ಆಟ ಇರ್ಲಿ. ಒತ್ತೋ ಬಟ್ಟು ನಮ್ಮದ ಅಲ್ಲೇನು?"

ಆಯಿಯೂ ಅವಳ ಕಡೆಯೇ. ಹೀಗೆ ನಾವು ಆಟದಲ್ಲಿ ಸಿಕ್ಕಿಕೊಂಡೆವು. ಇಂಥ ಆಟಗಳ ಉತ್ತರಗಳನ್ನು ಬರೆದಿಡುವ ಜನ ಲೋಕದಲ್ಲಿದ್ದಾರೆ ಎಂಬುದೇ ನಮಗಾಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಚಿಗವ್ವ ಒಪ್ಪುತ್ತಿರಲಿಲ್ಲ.

ಅದೇ ದಿನಗಳಲ್ಲಿ ಅಪ್ಪ ಊಟಕ್ಕೆ ಕುಳಿತಾಗ ಗದಗಿನ ಮಾತು ತೆಗೆದ. ಅದೇ ವಾರ, ಬಹುಶಃ ಅದೇ ಸಂಜೆ ಎಂದು ನನ್ನ ನೆನಪು ಹೇಳುತ್ತದೆ. ಇಂಥ ಜೋಡಣೆಗಳಲ್ಲಿ ನೆನಪಿನ ಕೈ ಪಳಗಿರುತ್ತದೆ. ಹಾಗಾಗಿ ದಿನದ ಬಗ್ಗೆ ನಾನು ಆಣೆ ಮಾಡಲಾರೆ, ಮಾತಿನ ಬಗ್ಗೆ ಮಾಡಬಲ್ಲೆ.

"ನಾಳಿ ಜೀಪ ತಗೊಂಡ ಹೋಗೋಣ ನೀಲಾ. ಮಾರ್ಕೆಟ್ಟಿನ ನಾಕ ಮಂದಿ ಬರ್ತಾರ. ಸಾಲಿ ಬಿಡೋ ಹೊತ್ತಿಗೆ ಕೂಸನ್ನ ಕುಂದರಿಸ್ಕೊಂಡ ಬಂದಬಿಡೋಣ. ಹೆತ್ತಾಕಿ ನೀ ಇದ್ದಿ, ಯಾರೇನಂತಾರ?"

ಚಿಗವ್ವ ಬಡಿಸುತ್ತಿದ್ದಳು. ಸೌಟು ಪಾತ್ರೆಯಲ್ಲೇ ನಿಂತಿತು. "ನನ್ನ ಕೂಸನ್ನ ನಾನ ಕಳವು ಮಾಡ್ಲೇನ್ರಿ ಮಾವಾರ? ಜೀಪ ನೋಡಿ ಅದು ಅಂಜತೈತ್ರಿ. ನಾ ಹೋಗಿ ಕೇಳತೇನ್ರಿ. ಕೇಳಿದ್ರ ಕೊಡ್ತಾರ. ಮಗನ್ನ ಕಳಕೊಂಡಾಕಿ ಅದಾಳ ಆಕಿ. ಕಸಗೊಂಡ ಬಂದ್ರ ಆಕಿಗೆ ಏನ ಉಳೀತೈತಿ?"

"ನಿನಗೇನ ಉಳದೈತಿ ಅನ್ನೋದನ್ನ ಮೊದ್ಲ ಕೇಳ್ಕೋ," ಎಂದಳು ಅವ್ವ, ಒಲೆಯ ಕಡೆಯಿಂದ.

ಮರುದಿನ ಚಿಗವ್ವ ಕಂಪ್ಯೂಟರಿನ ಮುಂದೆ ಕುಳಿತವಳು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡಳು. "ಸಂಗೂ, ನಾವೆಂಥಾ ಹುಚ್ಚರೋ. ಹೊತ್ತ ನೋಡು ಅಲ್ಲಿ."

ಪರದೆಯಲ್ಲಿ ಮುದುಕಿಯ ಓಣಿ. ಮೇಲೆ ನೇರಳೆ ಬಣ್ಣದ ಆಕಾಶ, ಒಂದೆರಡು ಮನೆಗಳ ಕಿಟಕಿಯಲ್ಲಿ ಬೆಳಕು.

"ದೀಪಾ ಹಚ್ಚೋ ಹೊತ್ತಿನಾಗ ಬಂದು ದೀಪಾ ಕೊಡು ಅಂದ್ರ ಯಾರ ಕೊಡ್ತಾರ? ನಮ್ಮ ಮನ್ಯಾಗ ಆಯಿ ಆ ಹೊತ್ತಿನಾಗ ಉಪ್ಪೂ ಕೊಡಂಗಿಲ್ಲ, ಹೆಪ್ಪೂ ಕೊಡಂಗಿಲ್ಲ. ಮುಂಜಾನಿ ಆಗ್ಲಿ. ಮುಂಜಾನಿ ಕೇಳೋಣ."

ಹಿಂದಿನಿಂದ ಆಯಿ, "ಖರೇ ಐತಿ, ಲಕ್ಷ್ಮಿ ಬರೋ ಹೊತ್ತದು," ಎಂದಳು.

ನಾನು ವಿಜ್ಞಾನ ಓದಿದವನು. ಅದು ಬರೆದ ಚಿತ್ರ, ಅಲ್ಲಿ ಹೊತ್ತು ಹುಟ್ಟುವುದಿಲ್ಲ ಎಂದು ನನಗೆ ತಿಳಿದಿರಬೇಕಿತ್ತು. ತಿಳಿದಿತ್ತೋ ಇಲ್ಲವೋ ಈಗ ಹೇಳಲಾರೆ. ಹೇಳಲಿಲ್ಲ ಎಂಬುದು ಮಾತ್ರ ಗೊತ್ತು. ನಾವು ಕೋಟಣ್ಣನನ್ನು ಮುದುಕಿಯ ಗುಡಿಸಲಿನ ಮುಂದೆ ನಿಲ್ಲಿಸಿ, ಕಂಪ್ಯೂಟರ್ ಹಾಗೇ ಬಿಟ್ಟು, ಮಾನಿಟರಿಗೆ ಇಳಕಲ್ಲ ಸೀರೆಯ ಹೊದಿಕೆ ಹೊದಿಸಿದೆವು. ಊಟ ಮಾಡಿದೆವು, ಮಲಗಿದೆವು. ಮುಂಜಾನೆ ಕರೆಂಟ್ ಹೋಗಿ ಎಲ್ಲ ಆರಿಹೋಗಿತ್ತು. ಮರುದಿನ ಮತ್ತೆ ನಿಲ್ಲಿಸಿದೆವು. ಅವತ್ತು ಕರೆಂಟ್ ಹೋಗಲಿಲ್ಲ. ನಾನೆದ್ದು ಬಂದಾಗ ಚಿಗವ್ವ ಆಗಲೇ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಹೊದಿಕೆಯನ್ನು ಒಂದು ಕಡೆಯಿಂದ ಎತ್ತಿ ಒಳಗೆ ನೋಡುತ್ತಿದ್ದಳು, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವ ಹಾಗೆ.

"ಇನ್ನೂ ಸಂಜೀನ ಐತಿ," ಎಂದಳು.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಮನೆಮನೆಯಲ್ಲಿ ಉಂಡಿ ಕಟ್ಟುತ್ತಾರೆ. ಪಂಚಮಿಗಾದರೂ ವಿಜ್ಜಿಯನ್ನು ಕಳಿಸಿ ಎಂದು ಕೇಳುವುದೆಂದು ಚಿಗವ್ವ ನಿಶ್ಚಯಿಸಿದಳು. ಬಂದ ಮೇಲೆ ಮುಂದಿನದು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಿ ದೊಡ್ಡ ಸ್ಟೀಲ್ ಡಬ್ಬಿ ತುಂಬಿದಳು. ಡಬ್ಬಿ ಹೊತ್ತುಕೊಂಡು ನಾನೂ ಅವಳ ಜೊತೆ ಹೋದೆ.

ಗದಗಿನ ಮನೆಯವರು ಕೆಟ್ಟವರಾಗಿರಲಿಲ್ಲ. ಆಗಿದ್ದಿದ್ದರೆ ಇದನ್ನು ಬರೆಯುವುದು ಸುಲಭವಿತ್ತು. ಕಾಲಿಗೆ ನೀರು ಕೊಟ್ಟರು, ಒಗ್ಗರಣೆ ಅವಲಕ್ಕಿ ಕೊಟ್ಟರು. ಚಿಗವ್ವನ ಅತ್ತೆ, ಬಿಳಿ ಸೀರೆಯ ಸಣಕಲು ಹೆಂಗಸು, ಚಿಗವ್ವನ ಗಲ್ಲ ಸವರಿ ಎಷ್ಟು ಸೊರಗಿದ್ದೀ ಎಂದರು. ಶಾಲೆಯಿಂದ ಬಂದ ವಿಜ್ಜಿ ಬಾಗಿಲಲ್ಲೇ ನಿಂತಳು. ಚಿಗವ್ವ ಕೈ ಚಾಚಿದಳು. ಕೂಸು ತಾಯಿಯನ್ನು ನೋಡಿ, ಅಜ್ಜಿಯನ್ನು ನೋಡಿ, ಓಡಿ ಹೋಗಿ ಅಜ್ಜಿಯ ತೊಡೆಯ ಮೇಲೆ ಕುಳಿತಿತು. ಅಲ್ಲಿಂದ ಚಿಗವ್ವನನ್ನು ನೋಡಿ ನಕ್ಕಿತು.

ಚಿಗವ್ವ ಕೇಳಿದಳು. ತೀರ ಮೆಲ್ಲಗೆ, ಮುತುವರ್ಜಿಯಿಂದ ಕೇಳಿದಳು. ಪಂಚಮಿ ಮುಗಿದ ಕೂಡಲೇ ತಾನೇ ತಂದು ಬಿಡುತ್ತೇನೆ ಎಂದಳು.

ಆ ಹೆಂಗಸು ಬಹಳ ಹೊತ್ತು ಕೂಸಿನ ಜಡೆ ಬಿಚ್ಚಿ ಮತ್ತೆ ಹೆಣೆದರು. "ಕಳಸ್ಬೇಕವ್ವಾ. ಆದ್ರ ಈ ಮನ್ಯಾಗ ನಗೋದು ಇದೊಂದ ಉಳದೈತಿ. ನಿನಗೆ ನಾ ಒಲ್ಲೆ ಅನ್ನಂಗಿಲ್ಲ. ನೀನ ಬಾ. ಇದು ನಿನ್ನ ಮನಿ, ನಿನ್ನ ಮಗಳು. ಸಾಲಿ, ನೌಕರಿ ಅಂತ ಅಲ್ಲೆಲ್ಲಿ ಅಲಿತಿ? ಕೂಸು ಮಾತ್ರ ಎಲ್ಲೂ ಬರಂಗಿಲ್ಲ."

ಹೊರಡುವಾಗ ಡಬ್ಬಿ ಕೊಟ್ಟರು. ಉಂಡಿ ಇಳಿಸಿಕೊಂಡು, ತೊಳೆದು, ಡಬ್ಬಿ ಬರಿದು ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದ್ದರು. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು. ಅಣ್ಣಿಗೇರಿಯ ತನಕ ಪ್ರತಿ ತಿರುವಿಗೂ ಒಳಗೆ ಸರಸರ ಸಪ್ಪಳ. ಚಿಗವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಎರಡೂ ಕಡೆ ಕರಿ ಹೊಲದಲ್ಲಿ ಹೆಸರಿನ ಬೆಳೆ ಹಸಿರಾಗಿತ್ತು.

ಮನೆಯಲ್ಲಿ ಅವ್ವ, ಏನಂದ್ರು ಎಂದು ಕೇಳಿದಳು. ಚಿಗವ್ವ ಕೋಟಣ್ಣನ ಹಾಗೆ ತಲೆ ಅಲ್ಲಾಡಿಸಿ, ಅವನದೇ ದನಿಯಲ್ಲಿ, "ಅದು ಆಗಂಗಿಲ್ಲ," ಎಂದಳು. ಹೀಗೆ ಅವಳು ನಿಜವಾಗಿಯೂ ಅಂದಳೇ? ನಾನು ಇದನ್ನು ಇಷ್ಟು ಸಲ ನೆನೆದಿದ್ದೇನೆಂದರೆ ಈಗ ಅದರ ಮೇಲೆ ನನಗೆ ಸಂಶಯ. ಅವ್ವನನ್ನು ಕೇಳಿದೆ. ಆಕೆ ಏನೂ ಅನ್ನಲಿಲ್ಲ, ಸುಮ್ಮನೆ ಡಬ್ಬಿ ತೊಳೆಯಲು ಹೋದಳು ಎನ್ನುತ್ತಾಳೆ.

ಆಮೇಲಿನ ದಿನಗಳು ಇನ್ನಷ್ಟು ಮಸುಕು. ಅಪ್ಪ ಒಮ್ಮೆ ಜಗಲಿಯ ಮೇಲೆ ಯಾರಿಗೋ, "ಎಷ್ಟ ದಿನಾ ಅಂತ ಇಟ್ಕೊಳ್ಳೋದ್ರಿ, ಅದಕ್ಕೂ ಒಂದು ದಾರಿ ಆಗ್ಬೇಕಲ್ಲ," ಎಂದಂತೆ ನೆನಪು. ಅದು ಚಿಗವ್ವನ ಬಗ್ಗೆ ಹೇಳಿದ್ದೋ, ಮಾರಾಟವಾಗದೆ ಗೋದಾಮಿನಲ್ಲಿ ಕುಳಿತ ಹತ್ತಿಯ ಬಗ್ಗೆ ಹೇಳಿದ್ದೋ ನನಗೆ ತಿಳಿಯದು. ಅಪ್ಪನಿಗೂ ಈಗ ನೆನಪಿಲ್ಲ. ಚಿಗವ್ವ ಆಗ ಪಡಸಾಲೆಯಲ್ಲಿ ಇದ್ದಳೋ ಇಲ್ಲವೋ ಅದೂ ಗೊತ್ತಿಲ್ಲ. ಬಿ.ಎಡ್. ಅರ್ಜಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಗಣಪತಿ ಕಳಿಸಿದ ಮೇಲೆ ಒಂದು ದಿನ ತನ್ನ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದಳು.

"ನಾ ಗದಗಿಗೆ ಹೋಗ್ತೇನಿ ಅಕ್ಕಾ," ಎಂದಳು. "ಕೂಸು ಇದ್ದಲ್ಲಿ ನಾ ಇರತೇನಿ."

"ಹೋದ್ರ ತಿರುಗಿ ಬರಾಕ ಬಿಡಂಗಿಲ್ಲ ನೀಲಾ."

"ಗೊತ್ತೈತಿ."

ಹೊರಡುವ ಹಿಂದಿನ ಮಧ್ಯಾಹ್ನ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತೆವು. ಕೋಟಣ್ಣ ಅಲ್ಲೇ, ಮುದುಕಿಯ ಗುಡಿಸಲಿನ ಮುಂದೆ. ಅದೇ ನೇರಳೆ ಆಕಾಶ. ಮುದುಕಿ ತೂಕಡಿಸುತ್ತಿದ್ದಳು.

"ಚಿಗವ್ವಾ, ಇವತ್ತರ ತಗೊಳ್ಳೋಣ. ನೀ ಹೋದ ಮ್ಯಾಲ ಯಾರ ಆಡ್ತಾರ? ಒಮ್ಮಿ ಮ್ಯಾಲ ಹತ್ತಿ ನೋಡೋಣ, ಏನೈತಿ ಅಂತ."

ಅವಳು ಮೌಸ್ ಹಿಡಿದಳು. ಬಾಣ ಗೋಡೆಯ ಮೇಲೆ ಹತ್ತಿ ಕಂದೀಲಿನ ಮೇಲೆ ನಿಂತು ಕೈಯಾಯಿತು. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ನಾನು ಬೆರಳನ್ನೇ ನೋಡುತ್ತಿದ್ದೆ. ಇದರಲ್ಲಿ ನನಗೆ ಸಂಶಯವಿಲ್ಲ, ಆ ಬೆರಳಿನ ಉಗುರಿಗೆ ಹಿಂದಿನ ವಾರದ ಮದರಂಗಿಯ ಕೆಂಪು ಉಳಿದಿತ್ತು.

"ಬ್ಯಾಡೋ," ಎಂದು ಕೈ ತೆಗೆದಳು. "ಎದ್ದ ಕೂಡ್ಲೇ ಆಕಿ ಗ್ವಾಡಿ ನೋಡತಾಳ."

ನನಗೆ ಎಂ.ಎಸ್ಸಿ. ಸಿಕ್ಕಿತು. ದಿನಾ ಧಾರವಾಡದ ಬಸ್ಸು ಹತ್ತಿದೆ. ಆಟವನ್ನು ನಾನೊಬ್ಬನೇ ಮತ್ತೆ ತೆರೆಯಲಿಲ್ಲ. ಕಂಪ್ಯೂಟರ್ ಕೆಟ್ಟು ಹೋಯಿತು, ಸಿ.ಡಿ. ಎಲ್ಲಿ ಹೋಯಿತೋ. ಚಿಗವ್ವ ಗದಗಿನಲ್ಲಿ ಆ ಮನೆಯ ಅಡಿಗೆ, ಹಬ್ಬ, ರೋಗ, ಮುಪ್ಪು ಎಲ್ಲವನ್ನೂ ನೋಡಿಕೊಂಡಳು. ಅತ್ತೆ ಹಾಸಿಗೆ ಹಿಡಿದಾಗ ಅವರ ಸೇವೆ ಮಾಡಿದವಳು ಅವಳೇ. ಮದುವೆ, ಸಾವು ಎಂದು ನಾವು ಆಗಾಗ ಭೇಟಿಯಾಗುತ್ತಿದ್ದೆವು. ಪ್ರತಿ ಸಲ ಅವಳು ಸ್ವಲ್ಪ ಸಣ್ಣಗಾಗಿರುತ್ತಿದ್ದಳು, ನಾನು ಸ್ವಲ್ಪ ಅವಸರದಲ್ಲಿರುತ್ತಿದ್ದೆ. ಕೋಟಣ್ಣನ ಮಾತು ನಮ್ಮ ನಡುವೆ ಮತ್ತೆ ಬರಲೇ ಇಲ್ಲ. ಮರೆತಿರಬೇಕು ಎಂದುಕೊಂಡಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ಚಿಗವ್ವ ಹೋದಳು. ಮಣ್ಣು ಮಾಡಿ ಬಂದ ಮೇಲೆ ಅದೇ ಮನೆಯ ಅದೇ ಬಾಗಿಲಲ್ಲಿ ವಿಜ್ಜಿ ನನ್ನ ಹತ್ತಿರ ಬಂದು ಕುಳಿತಳು. ಈಗ ಅವಳು ಪ್ರೌಢಶಾಲೆಯ ಶಿಕ್ಷಕಿ.

"ಸಂಗಣ್ಣಾ, ಕೋಟಣ್ಣ ಅಂದ್ರ ಯಾರ? ನಿಮ್ಮ ಓಣ್ಯಾಗ ಇದ್ದನೇನು?"

ನಾನು ಅವಳ ಕಡೆ ತಿರುಗಿ ಕುಳಿತೆ.

"ಸಣ್ಣಾಕಿದ್ದಾಗ ದಿನಾ ಮಲಗೋಮುಂದ ಅವ್ವ ಅವನ ಕಥಿನ ಹೇಳತಿದ್ಲು. ಕಂದೀಲದ ಮುದುಕಿ ಇರ್ತಾಳಲ್ಲ, ಮುಂಜಾನಿ ಆಗತೈತಿ, ಆಕಿನ ಎದ್ದು ಕಂದೀಲು ಇಳಿಸಿ ಕೋಟಣ್ಣನ ಕೈಯಾಗ ಕೊಡ್ತಾಳ. ಅಂವ ಕಸಗೊಳ್ಳಂಗಿಲ್ಲ. ಅವ್ವ ಅದನ್ನ ಎರಡೆರಡ ಸಲ ಹೇಳತಿದ್ಲು. ಖರೇನ ಅದು? ಇಲ್ಲಾ ಅವ್ವ ಕಟ್ಟಿದ್ದೋ?"

"ಗೊತ್ತಿಲ್ಲವ್ವಾ," ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಗೋಕುಲ ರಸ್ತೆಯಿಂದ ಆ ವಾಸನೆ ಹೊತ್ತು ಬಂದ ದಿನ ಹುಡುಕಲು ಶುರುಮಾಡಿದೆ. ಇಂಥ ಹಳೆಯ ಆಟಗಳನ್ನು ಕೂಡಿಡುವ ಜನರ ತಾಣವೊಂದರಲ್ಲಿ ಮಂಜು, ದೀಪಸ್ತಂಭ, ಕಂದೀಲಿನ ಮುದುಕಿ ಎಂದೆಲ್ಲ ಬರೆದೆ. ದೂರದ ಯಾವುದೋ ದೇಶದವನೊಬ್ಬ ಹೆಸರು ಹೇಳಿದ. ನವನಗರದ ನನ್ನ ಮನೆಯಲ್ಲಿ, ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ ಹಾಕಿ, ಒಂದು ಭಾನುವಾರ ಬೆಳಿಗ್ಗೆ ಅದನ್ನು ತೆರೆದೆ.

ನಾನು ನೆನಪಿಟ್ಟುಕೊಂಡದ್ದರಲ್ಲಿ ಬಹಳಷ್ಟು ತಪ್ಪಾಗಿತ್ತು. ಕೋಟು ನೀಲಿ ಅಲ್ಲ, ಕಂದು. ಊರು ಅಷ್ಟು ದೊಡ್ಡದಲ್ಲ, ಇರುವುದು ಒಂದೆರಡೇ ಓಣಿ. ನಾವು ಆಷಾಢವೆಲ್ಲ ಅಲೆದ ಜಾಗವನ್ನು ಒಂದು ಕಪ್ ಚಹಾ ಆರುವುದರೊಳಗೆ ಸುತ್ತಿ ಬಂದೆ. ಅಲ್ಲಿಯ ಆಕಾಶ ಒಂದೇ ಚಿತ್ರ, ಅದು ಎಂದಿಗೂ ಮುಂಜಾನೆಯಾಗುವುದಿಲ್ಲ. ಚಿಗವ್ವ ಹೇಳಿದ ಒಂದು ಮಾತಂತೂ ಆಟದಲ್ಲಿ ಇರಲೇ ಇಲ್ಲ. ಮುದುಕಿಗೆ ಮಗನಿಲ್ಲ. ಕಂದೀಲು ಕೇಳಿದರೆ ಅವಳು ಹೇಳುವುದು ಇಷ್ಟೇ: 'ಇದು ನನ್ನದು, ನನಗೆ ಹಸಿವಾಗಿದೆ, ನನ್ನನ್ನು ಸುಮ್ಮನೆ ಬಿಡು.' ಸಮುದ್ರಕ್ಕೆ ಹೋದ ಮಗನನ್ನು ಅವಳಿಗೆ ಕೊಟ್ಟದ್ದು ಚಿಗವ್ವ. ಹಸಿವಿನ ಮಾತನ್ನು ಅವಳು ಓದಲಿಲ್ಲವೋ, ಓದಿಯೂ ಮಗನ ಮಾತೇ ಬಾಯಿಗೆ ಬಂತೋ ಕೇಳಲು ಈಗ ಅವಳಿಲ್ಲ.

ಅವತ್ತಿನಂತೆಯೇ ಮೊದಲು ಕೋಟಣ್ಣನಿಗೆ ಬ್ರೆಡ್ಡು ತಿನ್ನಿಸಿ ಆಡಿದೆ. ಬರಿಗೈಯಲ್ಲಿ ಎಷ್ಟು ಕೇಳಿದರೂ ಮುದುಕಿ ತಲೆ ಅಲ್ಲಾಡಿಸುತ್ತಾಳೆ. ಹಾಗೆ ಆಡಿದವರಿಗೆ ಉಳಿಯುವ ದಾರಿ ಒಂದೇ, ಅವಳು ನಿದ್ದೆ ಹೋದಾಗ ಎತ್ತಿಕೊಳ್ಳುವುದು. ನಾನು ಎತ್ತಿಕೊಳ್ಳದೆ ಮುಚ್ಚಿದೆ. ಮತ್ತೆ ಮೊದಲಿನಿಂದ ತೆರೆದು, ಈ ಸಲ ಕೋಟಣ್ಣನಿಗೆ ಏನೂ ಉಣಿಸದೆ, ಹಸಿದವನನ್ನು ಹಾಗೇ ನಡೆಸಿಕೊಂಡು ಆ ಓಣಿಗೆ ಹೋದೆ. ಬಟ್ಟೆ ಸುತ್ತಿದ ಬ್ರೆಡ್ಡನ್ನು ಮುದುಕಿಗೆ ಕೊಟ್ಟೆ. ತಿಂದಳು. ಆಮೇಲೆ ಕಂದೀಲು ಕೇಳಿದೆ. ಮುದುಕಿ ಮೊಣಕಾಲು ಹಿಡಿದು ಎದ್ದಳು, ಗೋಡೆಯ ಕಡೆ ತಿರುಗಿದಳು, ಕೊಕ್ಕೆಯಿಂದ ಕಂದೀಲು ಇಳಿಸಿ ಕೋಟಣ್ಣನ ಕೈಯಲ್ಲಿ ಇಟ್ಟಳು.

ಒಮ್ಮೆ ಆದದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಮತ್ತೊಮ್ಮೆ ಮೊದಲಿನಿಂದ ಆಡಿ ನೋಡಿದೆ. ಕೇಳಿದರೆ ಕೊಡುತ್ತಾಳೆ.